ಮುನ್ನೂರು ಪಂಪ್‌ಸೆಟ್ಟಿನ ಬಲ, ಒಂದೇ ಎಂಜಿನ್

ಈ ವಾರ ಎರಡು ಪತ್ರಗಳಿಗೆ ಒಟ್ಟಿಗೇ ಉತ್ತರ. ಒಂದು ಹನೂರಿನಿಂದ ಬಂದದ್ದು, ಏಳನೇ ತರಗತಿಯ ಹುಡುಗಿ ಬರೆದದ್ದು: "ನಮ್ಮ ಸೈನ್ಯದ ಎಷ್ಟೋ ಟ್ಯಾಂಕುಗಳಿಗೆ ನಮ್ಮಪ್ಪನಷ್ಟೇ ವಯಸ್ಸಂತೆ. ಹೊಸ ಮೊಬೈಲ್ ತಗೊಳ್ಳೋ ಹಾಗೆ ಹೊಸ ಟ್ಯಾಂಕ್ ತಗೊಳ್ಳೋಕೆ ಆಗಲ್ವಾ ತಾತ?" ಇನ್ನೊಂದು ಯಳಂದೂರಿನ ಹಿರಿಯರೊಬ್ಬರದು: "ಟ್ಯಾಂಕಿನ ಎಂಜಿನ್ ನಮ್ಮ ಮೈಸೂರಿನಲ್ಲೇ ಮಾಡುತ್ತಾರೆ ಎಂದು ಮೊಮ್ಮಗ ವಾದ ಮಾಡುತ್ತಿದ್ದಾನೆ. ನಿಜವೇ?"

ಮೊಮ್ಮಗ ಹೇಳಿದ್ದರಲ್ಲಿ ನಿಜ ಬಹಳ ಇದೆ. ಹುಡುಗಿಯ ಪ್ರಶ್ನೆಗೆ ಉತ್ತರವೂ ಆ ಎಂಜಿನ್ನಿನ ಹತ್ತಿರವೇ ಸಿಗುತ್ತದೆ.

ಹೊಸ ಓದುಗರಿಗೆ ಒಂದು ಮಾತು. ನಾನು ಕೊಳ್ಳೇಗಾಲದಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿದವನು. ಯಾವ ಯಂತ್ರದ ಮಾತು ಬಂದರೂ ನನಗೆ ಪಂಪ್‌ಸೆಟ್ಟೇ ಕಣ್ಣ ಮುಂದೆ ಬರುತ್ತದೆ. ಟ್ಯಾಂಕಿನ ಕಥೆಯನ್ನೂ ಅಲ್ಲಿಂದಲೇ ಶುರು ಮಾಡೋಣ.

ಐದು ಎಚ್‌ಪಿ ಗೊತ್ತಲ್ಲ?

ನಮ್ಮ ಕಡೆ ಬೋರ್‌ವೆಲ್ ಇರುವ ಮನೆಯಲ್ಲಿ ಐದು ಎಚ್‌ಪಿ, ಏಳೂವರೆ ಎಚ್‌ಪಿ ಎಂಬ ಮಾತು ಮಕ್ಕಳಿಗೂ ಗೊತ್ತು. ಎಚ್‌ಪಿ ಎಂದರೆ ಅಶ್ವಶಕ್ತಿ, ಒಂದು ಕುದುರೆಯ ಬಲ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್, ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ತಿಳಿಸಲು ಈ ಅಳತೆ ಬಳಸಿದ. ಸುಮಾರು 75 ಕಿಲೋ ತೂಕವನ್ನು, ಅಂದರೆ ಒಂದೂವರೆ ಮೂಟೆ ಸಿಮೆಂಟನ್ನು, ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತುವ ಬಲವೇ ಒಂದು ಎಚ್‌ಪಿ.

ಈಗ ಮೈಸೂರಿನ ಎಂಜಿನ್ನಿಗೆ ಬನ್ನಿ. ಅದರ ಬಲ 1500 ಎಚ್‌ಪಿ. ಐದು ಎಚ್‌ಪಿಯ ಪಂಪ್‌ಸೆಟ್ ಲೆಕ್ಕದಲ್ಲಿ ಭಾಗಿಸಿ ನೋಡಿ: ಮುನ್ನೂರು ಪಂಪ್‌ಸೆಟ್! ಎರಡು ಮೂರು ಹಳ್ಳಿಗಳ ಹೊಲಗಳಿಗೆ ಒಟ್ಟಿಗೇ ನೀರೆತ್ತುವಷ್ಟು ಬಲ ಒಂದೇ ಎಂಜಿನ್ನಿನಲ್ಲಿ. ಒಂದು ಟ್ಯಾಂಕಿಗೆ ಇಷ್ಟು ಬಲ ಏಕೆ ಬೇಕು? ಅದನ್ನು ತಿಳಿಯಲು ನಿಜವಾದ ಕುದುರೆಗಳ ಕಾಲಕ್ಕೆ ಹೋಗಬೇಕು. ಆ ದಾರಿ ಯಳಂದೂರಿನ ಮೇಲೆಯೇ ಹಾದುಹೋಗುತ್ತದೆ.

ಪೂರ್ಣಯ್ಯನವರ ಕುದುರೆಗಳು

ಯಳಂದೂರಿನ ಜಹಗೀರ್ದಾರ್ ಬಂಗಲೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಅದೇ ವರ್ಷ ಬ್ರಿಟಿಷರೊಂದಿಗೆ ಆದ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇಟ್ಟುಕೊಳ್ಳಬೇಕಾಯಿತು. ಈ ದಳವನ್ನು ಸಿಲ್ಲೇದಾರ್ ಕುದುರೆ ಎನ್ನುತ್ತಿದ್ದರು. ಸಿಲ್ಲೇದಾರ ಎಂದರೆ ತನ್ನ ಕುದುರೆಯನ್ನು ತಾನೇ ತರುವ ಸವಾರ. ಕುದುರೆ ಬಲವಾಗಿದ್ದರೆ ಅವನು ಬದುಕಿದ, ಸೊರಗಿದ್ದರೆ ಅವನ ಪ್ರಾಣಕ್ಕೇ ಕುತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೂರು ವರ್ಷಗಳ ನಂತರ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಮೊದಲ ಮಹಾಯುದ್ಧಕ್ಕೆ ಹೋಯಿತು. 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಮೈಸೂರು ಮತ್ತು ಜೋಧಪುರದ ಸವಾರರು ಈಟಿ ಕತ್ತಿ ಹಿಡಿದು ಗೆದ್ದರು. ಎದುರಿಗಿದ್ದದ್ದು ಮೆಷಿನ್ ಗನ್ ಮತ್ತು ಫಿರಂಗಿ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಯೋಧರು ಮೈಸೂರು, ಜೋಧಪುರ, ಹೈದರಾಬಾದಿನ ಸವಾರರ ನೆನಪಿಗೆ ನಿಂತವರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಆ ದಿನ ನಮ್ಮವರು ಗೆದ್ದರು. ಆದರೆ ಗುಂಡಿನ ಮಳೆಗೆ ಕುದುರೆಯ ಎದೆ ಒಡ್ಡುವ ಕಾಲ ಮುಗಿಯುತ್ತ ಬಂದಿತ್ತು. ಕುದುರೆಯ ಜಾಗಕ್ಕೆ ಬರುವ ಯಂತ್ರ ಆಗಲೇ ಹುಟ್ಟಿತ್ತು.

ನೀರಿನ ತೊಟ್ಟಿ ಎಂಬ ಸುಳ್ಳು

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ಎಂಬಲ್ಲಿ ಬ್ರಿಟಿಷರು ಜಗತ್ತಿನ ಮೊದಲ ಟ್ಯಾಂಕುಗಳನ್ನು ಯುದ್ಧಕ್ಕೆ ಇಳಿಸಿದರು. ಗುಟ್ಟು ಬಯಲಾಗದಿರಲಿ ಎಂದು, ಕಾರ್ಖಾನೆಯಲ್ಲಿ ಮಾಡುತ್ತಿರುವುದು ನೀರಿನ ತೊಟ್ಟಿ ಎಂದು ಸುದ್ದಿ ಹಬ್ಬಿಸಿದ್ದರು. ಟ್ಯಾಂಕ್ ಎಂಬ ಆ ಸುಳ್ಳು ಹೆಸರೇ ಕೊನೆಗೆ ನಿಂತುಹೋಯಿತು.

ಆ ಮೊದಲ ಟ್ಯಾಂಕಿನ ತೂಕ ಸುಮಾರು 28 ಟನ್, ಎಂಜಿನ್ 105 ಎಚ್‌ಪಿ. ಒಳಗೆ ಎಂಟು ಜನ. ಓಟ ಮಾತ್ರ ಮನುಷ್ಯನ ನಡಿಗೆಯಷ್ಟು! ಸಂತೆಗೆ ಹೊರಟ ಅಜ್ಜಿ ಅದನ್ನು ಹಿಂದೆ ಹಾಕಬಹುದಿತ್ತು.

ಏಕೆ ಹೀಗೆ? ಇಲ್ಲೊಂದು ಸುಲಭದ ಲೆಕ್ಕವಿದೆ. ಎಂಜಿನ್ನಿನ ಎಚ್‌ಪಿಯನ್ನು ವಾಹನದ ತೂಕದಿಂದ ಭಾಗಿಸಿದರೆ ಒಂದು ಟನ್ನಿಗೆ ಎಷ್ಟು ಕುದುರೆ ಎಂದು ತಿಳಿಯುತ್ತದೆ. ಮೊದಲ ಟ್ಯಾಂಕಿನಲ್ಲಿ ಟನ್ನಿಗೆ ನಾಲ್ಕು ಕುದುರೆಯೂ ಇರಲಿಲ್ಲ. ತುಂಬಿದ ಬಸ್ಸಿಗೆ ಹತ್ತರ ಆಸುಪಾಸು ಇರುತ್ತದೆ. ತಾಳುಬೆಟ್ಟ ದಾಟಿ ಮಾದಪ್ಪನ ಬೆಟ್ಟದ ತಿರುವು ಏರುವಾಗ ಆ ಬಸ್ಸೂ ಹೇಗೆ ಏದುಸಿರು ಬಿಡುತ್ತದೆ ಎಂದು ನೀವೇ ಕೇಳಿದ್ದೀರಿ. ಬಸ್ಸಿಗಾದರೂ ರಸ್ತೆ ಇದೆ. ಟ್ಯಾಂಕಿಗೆ ರಸ್ತೆಯೇ ಇಲ್ಲ. ಕೆಸರು, ಮರಳು, ಹಳ್ಳ, ದಿಣ್ಣೆ ಏನೇ ಬಂದರೂ ಏರಿ ಇಳಿಯಬೇಕು. ನಿಂತಲ್ಲೇ ನಿಂತರೆ ಶತ್ರುವಿನ ಗುರಿಗೆ ಸಿಕ್ಕಿಬೀಳುತ್ತದೆ.

ಕೊಡಗಿನ ಜನರಲ್, ಹಿಮದ ಕಣಿವೆ

ಟ್ಯಾಂಕು ಹೋಗಲಾರದು ಎಂದುಕೊಂಡಿದ್ದ ಜಾಗಕ್ಕೆ ಅದನ್ನು ಒಯ್ದವರು ನಮ್ಮ ಕೊಡಗಿನವರು. 1948ರಲ್ಲಿ ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆಯನ್ನು ಶತ್ರುಗಳು ಹಿಡಿದು ಕೂತಿದ್ದರು. ಎತ್ತರ ಮೂರೂವರೆ ಸಾವಿರ ಮೀಟರ್. ಕಾಲಾಳುಗಳು ಏರಲು ನೋಡಿ ಹಿಂದೆ ಬರಬೇಕಾಯಿತು. ಆಗ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಟ್ಯಾಂಕು ತರಿಸುವ ತೀರ್ಮಾನ ಮಾಡಿದರು.

ಬಂದದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಈ ದಳವೂ ಒಂದು ಕಾಲದ ಕುದುರೆ ದಳವೇ. ಯಾರಿಗೂ ಗುರುತು ಸಿಗದಿರಲಿ ಎಂದು ಮೇಲಿನ ಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಹೇಸರಗತ್ತೆ ಹೋಗುವ ದಾರಿಯನ್ನು ಟ್ಯಾಂಕು ಏರುವ ದಾರಿಯಾಗಿ ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ಹಲಸೂರಿನಲ್ಲಿ ನೆಲೆ ಇರುವ ಎಂಇಜಿ ದಳದವರು. ನವೆಂಬರ್ 1ರಂದು ಟ್ಯಾಂಕುಗಳು ಹಿಮದ ನಡುವೆ ಏರಿ ಬಂದಾಗ ಶತ್ರುಗಳಿಗೆ ದಿಕ್ಕೇ ತೋಚಲಿಲ್ಲ. ತಿಮ್ಮಯ್ಯನವರು ಸ್ವತಃ ಮುಂದಿನ ಟ್ಯಾಂಕಿನಲ್ಲಿದ್ದರು.

ಸ್ಟುವರ್ಟ್ ಆಗಲೇ ಹಳೆಯ ಟ್ಯಾಂಕು, ಎರಡನೇ ಮಹಾಯುದ್ಧದ್ದು. ಆದರೆ ಹಗುರವಾಗಿತ್ತು. ಅದಕ್ಕೇ ಏರಿತು.

1965ರಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. ಪಂಜಾಬಿನ ಅಸಲ್ ಉತ್ತರ್ ಎಂಬಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿ ಬಂದವು. ಆ ಕಾಲಕ್ಕೆ ಬಹಳ ಹೊಸತು, ಬಹಳ ಬಲದವು. ನಮ್ಮವರು ಹೊಲಗಳಿಗೆ ನೀರು ಬಿಟ್ಟು ಕಬ್ಬಿನ ಮರೆಯಲ್ಲಿ ಕಾದರು. ಭಾರದ ಟ್ಯಾಂಕುಗಳು ಕೆಸರಿನಲ್ಲಿ ಹೂತವು. ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿನ ತೋಪಿನಿಂದ ಒಂದಾದ ಮೇಲೊಂದು ಟ್ಯಾಂಕು ಒಡೆದು, ಅಲ್ಲೇ ಪ್ರಾಣ ಕೊಟ್ಟು, ಪರಮವೀರ ಚಕ್ರ ಪಡೆದರು. ಕಬ್ಬಿನ ಗದ್ದೆಗೆ ನೀರು ಬಿಟ್ಟ ದಿನ ಗಾಡಿ ಇಳಿಸಬಾರದು ಎಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಸತು ಎಂದ ಮಾತ್ರಕ್ಕೆ ಗೆಲುವಿಲ್ಲ, ಹಳೆಯದು ಎಂದ ಮಾತ್ರಕ್ಕೆ ಸೋಲೂ ಇಲ್ಲ. ನೆಲ, ತೂಕ, ಬಲ, ಒಳಗಿರುವ ಮನುಷ್ಯ ಇವು ನಾಲ್ಕೂ ಹೊಂದಬೇಕು.

ಹಳೆಯ ಮೈ, ಹೊಸ ಎದೆ

ಈಗ ಹನೂರಿನ ಹುಡುಗಿಯ ಪ್ರಶ್ನೆ. ನಮ್ಮ ಸೈನ್ಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಟ್ಯಾಂಕುಗಳಲ್ಲಿ ಟಿ-72 ಒಂದು. ನಾವು ಇಟ್ಟ ಹೆಸರು ಅಜೇಯ. ರಷ್ಯಾದ ವಿನ್ಯಾಸ, 1970ರ ದಶಕದ ಕೊನೆಯಿಂದ ನಮ್ಮಲ್ಲಿದೆ. ಆಮೇಲೆ ಚೆನ್ನೈ ಹತ್ತಿರದ ಆವಡಿ ಕಾರ್ಖಾನೆಯಲ್ಲೇ ತಯಾರಾಯಿತು. ಇಂಥವು ಎರಡು ಸಾವಿರಕ್ಕೂ ಹೆಚ್ಚಿವೆ. ಎಲ್ಲವನ್ನೂ ಒಂದೇ ಸಲ ಬಿಸಾಡಿ ಹೊಸತು ತರುವುದು ಯಾವ ದೇಶಕ್ಕೂ ಆಗದ ಮಾತು. ದುಡ್ಡೂ ಸಾಲದು, ಹೊಸತು ಕೈಗೆ ಬರುವವರೆಗೆ ಗಡಿ ಕಾಯುವವರಿಗೆ ಏನೂ ಇರುವುದಿಲ್ಲ.

ಹಾಗಾದರೆ ಏನು ಮಾಡುತ್ತಾರೆ? ನಿಮ್ಮ ಅಜ್ಜನನ್ನು ಕೇಳಿ. ಮರದ ಚಕ್ರದ ಎತ್ತಿನಗಾಡಿ ಇತ್ತು. ಗಾಡಿಯ ಮೈ ಹಾಗೇ ಇಟ್ಟುಕೊಂಡು ಕೆಳಗೆ ಕಬ್ಬಿಣದ ಅಚ್ಚು, ರಬ್ಬರ್ ಟೈರು ಹಾಕಿಸಿದರು. ಅದೇ ಎತ್ತು, ಹೊರುವ ಹೊರೆ ಮಾತ್ರ ಹೆಚ್ಚಾಯಿತು. ಟ್ಯಾಂಕಿನ ನವೀಕರಣವೂ ಹೀಗೇ. ಉಕ್ಕಿನ ಮೈ ಗಟ್ಟಿಯಾಗಿರುವವರೆಗೆ ಅದನ್ನು ಇಟ್ಟುಕೊಂಡು ಎದೆ, ಕಣ್ಣು, ಚರ್ಮ ಬದಲಾಯಿಸುತ್ತಾರೆ.

ಎದೆ ಎಂದರೆ ಎಂಜಿನ್. ಟಿ-72ರ ಎಂಜಿನ್ 780 ಎಚ್‌ಪಿ, ತೂಕ 41 ಟನ್ ಚಿಲ್ಲರೆ. ಟನ್ನಿಗೆ ಸುಮಾರು 19 ಕುದುರೆ. 2025ರ ಮಾರ್ಚ್‌ನಲ್ಲಿ ನಮ್ಮ ರಕ್ಷಣಾ ಸಚಿವಾಲಯ ರಷ್ಯಾದ ಸಂಸ್ಥೆಯೊಂದಿಗೆ 24.8 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಇದರಂತೆ 1000 ಎಚ್‌ಪಿ ಎಂಜಿನ್‌ಗಳು ಬರುತ್ತವೆ, ಅವನ್ನು ಆವಡಿಯಲ್ಲಿ ಮಾಡುವ ತಂತ್ರಜ್ಞಾನವೂ ಬರುತ್ತದೆ. ಆಗ ಟನ್ನಿಗೆ 24 ಕುದುರೆ.

ಎಂಜಿನ್ ಒಂದನ್ನೇ ಬದಲಾಯಿಸಿದರೆ ಸಾಕೇ? ನನ್ನ ಅಂಗಡಿಗೆ ಇಂಥ ರೈತರು ವರ್ಷಕ್ಕೆ ಹತ್ತಾರು ಮಂದಿ ಬರುತ್ತಿದ್ದರು. ಐದು ಎಚ್‌ಪಿ ತೆಗೆದು ಹತ್ತು ಎಚ್‌ಪಿ ಇಳಿಸಿರುತ್ತಾರೆ. ಕೇಬಲ್ ಹಳೆಯದೇ, ಸ್ಟಾರ್ಟರ್ ಹಳೆಯದೇ. ಮೋಟಾರು ಬಲವಾಗಿ ಎಳೆಯುತ್ತದೆ, ತಂತಿ ತಾಳುವುದಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ. ಟ್ಯಾಂಕಿನಲ್ಲೂ ಎಂಜಿನ್ ದೊಡ್ಡದಾದರೆ ಗೇರ್‌ಬಾಕ್ಸ್ ಆ ಬಲ ತಾಳಬೇಕು, ತಣಿಸುವ ವ್ಯವಸ್ಥೆ ಹೆಚ್ಚಿನ ಬಿಸಿಯನ್ನು ಹೊರಹಾಕಬೇಕು, ಇವೆಲ್ಲ ಮೊದಲಿದ್ದ ಇಕ್ಕಟ್ಟಿನ ಗೂಡಿನಲ್ಲೇ ಕೂರಬೇಕು. ಅದಕ್ಕೇ ಈ ಕೆಲಸಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ.

ಕಣ್ಣು ಎಂದರೆ ದುರ್ಬೀನು. ಹಳೆಯ ಟ್ಯಾಂಕಿಗೆ ರಾತ್ರಿ ಎಂದರೆ ಇರುಳುಗಣ್ಣು. ಹೊಸ ಥರ್ಮಲ್ ಕಣ್ಣಿಗೆ ಬೆಳಕೇ ಬೇಡ, ವಸ್ತುವಿನ ಬಿಸಿಯನ್ನು ನೋಡುತ್ತದೆ. ಕತ್ತಲಲ್ಲಿ ಓಡಿ ಬಂದ ಎಂಜಿನ್ನಿನ ಕಾವು ಅದಕ್ಕೆ ಕೆಂಡದ ಹಾಗೆ ಕಾಣುತ್ತದೆ. ಟಿ-90 ಭೀಷ್ಮ ಟ್ಯಾಂಕುಗಳ ಕಮಾಂಡರಿಗೆ ಇಂಥ ಹೊಸ ಕಣ್ಣು ಜೋಡಿಸುವ ಕೆಲಸವನ್ನು 2022ರಲ್ಲಿ ವಹಿಸಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬಿಇಎಲ್ ಸಂಸ್ಥೆಗೆ.

ಚರ್ಮ ಎಂದರೆ ಕವಚ. ಟ್ಯಾಂಕಿನ ಮುಂಭಾಗ ದಪ್ಪ, ನೆತ್ತಿ ತೆಳು. 2022ರಿಂದ ನಡೆದಿರುವ ಉಕ್ರೇನ್ ಯುದ್ಧದಲ್ಲಿ ಸಣ್ಣ ಡ್ರೋನುಗಳು ಆ ತೆಳು ನೆತ್ತಿಗೇ ಬಂದು ಎರಗಿವೆ. ಕೋಟಿಗಟ್ಟಲೆ ಬೆಲೆಯ ಟ್ಯಾಂಕನ್ನು ಅಗ್ಗದ ಡ್ರೋನು ಸುಟ್ಟದ್ದನ್ನು ಜಗತ್ತೇ ನೋಡಿದೆ. ಅದಕ್ಕೇ ಈಗ ಟ್ಯಾಂಕುಗಳ ತಲೆ ಮೇಲೆ ಕಬ್ಬಿಣದ ಪಂಜರ ಕಟ್ಟುತ್ತಿದ್ದಾರೆ, ಬರುವ ಕ್ಷಿಪಣಿಯನ್ನು ಗಾಳಿಯಲ್ಲೇ ಹೊಡೆದುರುಳಿಸುವ ಉಪಕರಣಗಳನ್ನು ಕೂರಿಸುತ್ತಿದ್ದಾರೆ.

ಮೈಸೂರಿನ ಆ ದಿನ

ಇನ್ನು ಯಳಂದೂರಿನ ಅಜ್ಜನ ಪ್ರಶ್ನೆ. ನಾವು ಟ್ಯಾಂಕಿನ ಮೈ ಕಟ್ಟಲು ಕಲಿತು ಅರವತ್ತು ವರ್ಷವಾಯಿತು. ಬ್ರಿಟಿಷ್ ವಿನ್ಯಾಸದ ವಿಜಯಂತ 1965ರಲ್ಲೇ ಆವಡಿಯಿಂದ ಹೊರಬಂತು. 1974ರಲ್ಲಿ ನಮ್ಮದೇ ವಿನ್ಯಾಸದ ಅರ್ಜುನ್ ಟ್ಯಾಂಕಿನ ಯೋಜನೆ ಶುರುವಾಗಿ, 2004ರಲ್ಲಿ ಸೈನ್ಯಕ್ಕೆ ಸೇರಿತು. ಮೂವತ್ತು ವರ್ಷ! ಮೈ ನಮ್ಮದು, ಆದರೆ ಎದೆಯೊಳಗೆ ಬಡಿಯುವ 1400 ಎಚ್‌ಪಿ ಎಂಜಿನ್ ಜರ್ಮನಿಯದು. ಸುಧಾರಿಸಿದ ಅರ್ಜುನ್ ಮಾರ್ಕ್-1ಎ 68 ಟನ್ ತೂಗುತ್ತದೆ. ಹೊಸ ಕವಚ, ಹೊಸ ಉಪಕರಣ ಸೇರಿದಷ್ಟೂ ತೂಕ ಏರಿತು, ಟನ್ನಿಗೆ ಸಿಗುವ ಕುದುರೆ ಕಡಿಮೆಯಾಯಿತು.

ಎಂಜಿನ್ ಬೇರೆಯವರದಾದರೆ ತೊಂದರೆ ಏನು? ಬಿಡಿಭಾಗ ಬೇಕಾದಾಗ ಅವರು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಯುದ್ಧದ ಹೊತ್ತಿನಲ್ಲಿ ನೆರೆಮನೆಯವರ ಮೋಟಾರನ್ನು ನಂಬಿ ನಾಟಿ ಹಾಕಿದ ಹಾಗೆ.

2020ರ ಆಗಸ್ಟ್‌ನಲ್ಲಿ 1500 ಎಚ್‌ಪಿ ಎಂಜಿನ್ನನ್ನು ನಾವೇ ಮಾಡುವ ಕೆಲಸ ಶುರುವಾಯಿತು. 2024ರ ಮಾರ್ಚ್ 20ರಂದು ಮೈಸೂರಿನ ಬಿಇಎಂಎಲ್ ಎಂಜಿನ್ ವಿಭಾಗದಲ್ಲಿ, ರಕ್ಷಣಾ ಕಾರ್ಯದರ್ಶಿ ಗಿರಿಧರ ಅರಮನೆಯವರ ಎದುರಿನಲ್ಲಿ, ಅದಕ್ಕೆ ಮೊದಲ ಬಾರಿ ಜೀವ ಬಂತು. ನಮ್ಮ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ. ಮುಖ್ಯ ಯುದ್ಧ ಟ್ಯಾಂಕಿಗಾಗಿ ಭಾರತದಲ್ಲೇ ಮಾಡಿದ ಮೊದಲ 1500 ಎಚ್‌ಪಿ ಎಂಜಿನ್ ಇದು. ಅಜ್ಜನವರೇ, ಮೊಮ್ಮಗನಿಗೆ ಒಂದು ಕಡಲೆಮಿಠಾಯಿ ಕೊಡಿ.

ಆದರೆ ಮೊಮ್ಮಗನಿಗೆ ಇದನ್ನೂ ಹೇಳಿ. ಕಾರ್ಖಾನೆಯ ಪೀಠದ ಮೇಲೆ ಎಂಜಿನ್ ಗುಡುಗಿತು ಎಂದರೆ ಟ್ಯಾಂಕು ಹೊರಟಿತು ಎಂದಲ್ಲ. ರಾಜಸ್ಥಾನದ ಬಿಸಿಲಿನಲ್ಲಿ ಅದು ಕುದಿಯಬಾರದು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬೆಳಗ್ಗೆ ಒಂದೇ ಸಲಕ್ಕೆ ಶುರುವಾಗಬೇಕು. ಲಡಾಖಿನ 4,200 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ. ಗಾಳಿ ಕಡಿಮೆಯಾದರೆ ಡೀಸೆಲ್ ಸರಿಯಾಗಿ ಉರಿಯದು, ಕುದುರೆಗಳೂ ಕಡಿಮೆಯಾಗುತ್ತವೆ. ಇವೆಲ್ಲ ಪರೀಕ್ಷೆ ಪಾಸಾಗಿ, ಟ್ಯಾಂಕಿನೊಳಗೆ ಕೂತು, ಸಾವಿರಾರು ಕಿಲೋಮೀಟರ್ ಓಡಿದ ಮೇಲೆಯೇ ಅದು ಸೈನಿಕನ ಎಂಜಿನ್.

ಎತ್ತರದ ಜಾಗಕ್ಕೆಂದೇ ಜೋರಾವರ್ ಎಂಬ 25 ಟನ್ನಿನ ಹಗುರ ಟ್ಯಾಂಕನ್ನೂ ನಮ್ಮವರು ಕಟ್ಟಿದ್ದಾರೆ. 2024ರ ಡಿಸೆಂಬರಿನಲ್ಲಿ 4,200 ಮೀಟರಿಗಿಂತ ಎತ್ತರದಲ್ಲಿ ಅದು ಗುಂಡು ಹಾರಿಸಿ ತೋರಿಸಿತು. ಜೋಜಿಲಾದಲ್ಲಿ ತಿಮ್ಮಯ್ಯನವರು ಕಲಿಸಿದ ಪಾಠ ಇಲ್ಲಿ ಉಪಯೋಗಕ್ಕೆ ಬಂದಿದೆ. ಮುಂದೆ ಟಿ-72ರ ಜಾಗಕ್ಕೇ ಬರಬೇಕಾದ ಹೊಸ ಟ್ಯಾಂಕಿಗೆ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ. ಅವು ಬರುವವರೆಗೆ ಅಜೇಯನೇ ಕಾಯಬೇಕು.

ಒಳಗೆ ಕೂತವರು

ಟ್ಯಾಂಕು ಕೆಟ್ಟು ನಿಂತರೆ ಯಾರು ಎಳೆಯುತ್ತಾರೆ ಎಂದು ಕೇಳುವ ಜಾಣರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಅದಕ್ಕೂ ಕವಚ ತೊಟ್ಟ ವಾಹನವೇ ಬೇಕು. ಅಂಥ ರಕ್ಷಕ ವಾಹನಗಳನ್ನು ಮಾಡಿದ್ದು ಇದೇ ಬಿಇಎಂಎಲ್, ಕೋಲಾರದ ಕೆಜಿಎಫ್‌ನಲ್ಲಿ. ಗುಂಡಿನ ನಡುವೆ ಹೋಗಿ ಕೊಂಡಿ ಹಾಕಿ ಎಳೆದು ತರುವುದು ಅದರ ಕೆಲಸ. ಅದು ಎಳೆದು ತರುವುದು ಬರೀ ಕಬ್ಬಿಣವನ್ನಲ್ಲ. ಟಿ-72ರ ಒಳಗೆ ಮೂವರು ಇರುತ್ತಾರೆ. ಅರ್ಜುನ್ ಒಳಗೆ ನಾಲ್ವರು.

ಸಿಲ್ಲೇದಾರನ ಮಾತು ಈಗ ನೆನಪಿಸಿಕೊಳ್ಳಿ. ಅವನ ಪ್ರಾಣ ಅವನ ಕುದುರೆಯ ಮೇಲಿತ್ತು. ಇಂದಿನ ಸವಾರ ತನ್ನ ಕುದುರೆಯನ್ನು ಮನೆಯಿಂದ ತರುವುದಿಲ್ಲ, ದೇಶ ಕೊಟ್ಟದ್ದನ್ನು ಏರುತ್ತಾನೆ. ಆದ್ದರಿಂದ ಆ ಕುದುರೆಯನ್ನು ಗಟ್ಟಿಯಾಗಿ ಇಡುವುದು ದೇಶದ ಕೆಲಸ. ನಮ್ಮ ಮೂರೂ ತಾಲ್ಲೂಕುಗಳಿಂದ ಮಕ್ಕಳನ್ನು ಸೈನ್ಯಕ್ಕೆ ಕಳಿಸಿ, ರಾತ್ರಿ ಫೋನು ಬರುವುದನ್ನೇ ಕಾಯುವ ಅಜ್ಜ ಅಜ್ಜಿಯರಿದ್ದಾರೆ. ಅವರಿಗೆ ಟನ್ನಿಗೆ ಎಷ್ಟು ಕುದುರೆ ಎಂಬ ಲೆಕ್ಕ ಗೊತ್ತಿಲ್ಲದೆ ಇರಬಹುದು. ಆದರೆ ಅಗತ್ಯ ಬಿದ್ದ ಹೊತ್ತಿನಲ್ಲಿ ಟ್ಯಾಂಕು ಒಂದೇ ಸಲಕ್ಕೆ ಶುರುವಾಗಿ ದಿಣ್ಣೆ ಹತ್ತಿ ಮರೆಗೆ ಸೇರಬೇಕು ಎಂಬುದು ಅವರಿಗಿಂತ ಹೆಚ್ಚಾಗಿ ಬೇರೆ ಯಾರಿಗೂ ಬೇಕಾಗಿಲ್ಲ. ಇದೆಲ್ಲ ಮಾಡಿಯೂ ಆ ಎಂಜಿನ್ ಯುದ್ಧಕ್ಕೆ ಹೋಗದೆ ಪೆರೇಡಿನಲ್ಲೇ ಮುದಿಯಾಗಲಿ ಎಂದು ನಾವು ಬೇಡಿಕೊಳ್ಳಬಹುದು, ತಪ್ಪೇನಿಲ್ಲ.

ಈ ವಾರದ ಲೆಕ್ಕ: ಅರ್ಜುನ್ ಮಾರ್ಕ್-1ಎಗೆ ಮೈಸೂರಿನ 1500 ಎಚ್‌ಪಿ ಎಂಜಿನ್ ಕೂರಿಸಿದರೆ ಟನ್ನಿಗೆ ಎಷ್ಟು ಕುದುರೆ? ಈಗಿನ 1400 ಎಚ್‌ಪಿಯಲ್ಲಿ ಎಷ್ಟು? ಎರಡನ್ನೂ ಮಾಡಿ ಕಳಿಸಿ. ಜೊತೆಗೆ ಮನೆಯ ಹಿರಿಯರನ್ನು ಕೇಳಿ, ಮೈ ಹಳೆಯದೇ ಇಟ್ಟುಕೊಂಡು ಎದೆ ಮಾತ್ರ ಬದಲಾಯಿಸಿದ ಒಂದು ಯಂತ್ರದ ಕಥೆ ಬರೆಸಿಕೊಳ್ಳಿ. ಗಾಡಿಯೋ, ಮಗ್ಗವೋ, ಹೊಲಿಗೆ ಯಂತ್ರವೋ, ಗಿರಣಿಯೋ, ಯಾವುದಾದರೂ ಸರಿ.